ಲೇಖನ ಬರೆಯುವುದು ಮತ್ತು ಅಜ್ಜ ಕೇಳಿದ ಪ್ರಶ್ನೆ

ಹೋದ ಸೆಮಿಸ್ಟರ್ ರಜೆಯಲ್ಲಿ ಮಲಪ್ರಭಾ ನದಿ ಬಗ್ಗೆ ಎರಡು ಪುಟ ಬರೆದು ಸಾಲಹಳ್ಳಿಗೆ ಒಯ್ದಿದ್ದೆ. ಅಜ್ಜನಿಗೆ ಓದಿ ಹೇಳಿದೆ. ಮೂರನೇ ಪ್ಯಾರಾಕ್ಕೆ ತಡೆದು ಕೇಳಿದರು: "ಎಲ್ಲಾ ಖರೆ, ಆದ್ರ ನೀ ಹೇಳಾಕತ್ತಿದ್ದು ಏನು?"

ನದಿ ಕಣಕುಂಬಿಯಲ್ಲಿ ಹುಟ್ಟುತ್ತದೆ, ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತದೆ, ನವಿಲುತೀರ್ಥ ಡ್ಯಾಮಿನ ಸಾಮರ್ಥ್ಯ ಸುಮಾರು 37.7 ಟಿಎಂಸಿ. ಎಲ್ಲಾ ಮಾಹಿತಿ ಇತ್ತು. ಪ್ರಶ್ನೆ ಒಂದೂ ಇರಲಿಲ್ಲ.

ನಮಗೆ ಲ್ಯಾಬ್ ರೆಕಾರ್ಡ್ ಬರೆದು ರೂಢಿ. ಏಮ್, ಅಪರೇಟಸ್, ಪ್ರೊಸೀಜರ್, ರಿಸಲ್ಟ್. ಅದನ್ನು ಓದಲೇಬೇಕಾದವರು ಒಬ್ಬರು ಇರುತ್ತಾರೆ, ಸಹಿ ಹಾಕುವವರು. (ಅವರೂ ಪೂರ್ತಿ ಓದುತ್ತಾರೆ ಅಂತ ನನಗೇನೂ ಅನ್ನಿಸಿಲ್ಲ.) ಲೇಖನಕ್ಕೆ ಅಂಥ ಓದುಗ ಇಲ್ಲ. ಬೇಜಾರಾದರೆ ಎದ್ದು ಹೋಗುತ್ತಾನೆ. ವರದಿ ಆದದ್ದನ್ನು ಹೇಳುತ್ತದೆ. ಲೇಖನ ಅದು ಯಾಕೆ ಆಯಿತು, ನಮಗೇನು ಸಂಬಂಧ ಅಂತ ಒಂದು ಎಳೆ ಹಿಡಿದು ಹೋಗುತ್ತದೆ. ಎಳೆಗೆ ಸೇರದ ಮಾಹಿತಿ ಎಷ್ಟೇ ಚಂದ ಇದ್ದರೂ ಬಿಡಬೇಕು. ನನಗೆ ಕಣಕುಂಬಿ ಬಿಡೋದು ಭಾಳ ಕಷ್ಟ ಆಯಿತು.

ಎರಡನೇ ಸಲ ಒಂದೇ ಪ್ರಶ್ನೆ ಇಟ್ಟುಕೊಂಡೆ: 2019ರ ಆಗಸ್ಟ್‌ನಲ್ಲಿ ರಾಮದುರ್ಗದ ಮನೆಗಳಿಗೆ ನೀರು ನುಗ್ಗಿತಲ್ಲ, ಅಷ್ಟು ನೀರು ಎಲ್ಲಿಂದ ಬಂತು? ರಾಮದುರ್ಗ ಮಳೆ ಕಡಿಮೆ ಬೀಳುವ ತಾಲೂಕು. ಮಳೆ ಹೊಡೆದದ್ದು ಮೇಲೆ, ಖಾನಾಪುರದ ಕಾಡಿನ ಕಡೆ. ಮುನವಳ್ಳಿ ಹತ್ತಿರದ ನವಿಲುತೀರ್ಥ ಡ್ಯಾಮ್ ತುಂಬಿದರೆ ಒಳಗೆ ಬಂದಷ್ಟು ನೀರನ್ನು ಕೆಳಗೆ ಬಿಡಲೇಬೇಕು, ಇಲ್ಲದಿದ್ದರೆ ಡ್ಯಾಮಿಗೇ ಅಪಾಯ. ಕೆಳಗೆ ರಾಮದುರ್ಗ ಇದೆ.

ಇಲ್ಲಿ 'ಕ್ಯೂಸೆಕ್' ಬಂತು. ಪೇಪರ್‌ನಲ್ಲಿ ದಿನಾ ನೋಡುವ ಪದ, ಆದರೆ ಎಷ್ಟು ಜನಕ್ಕೆ ಗೊತ್ತು? ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28.3 ಲೀಟರ್. ಹತ್ತು ಸಾವಿರ ಕ್ಯೂಸೆಕ್ ಬಿಟ್ಟರೆ ಸೆಕೆಂಡಿಗೆ 2.83 ಲಕ್ಷ ಲೀಟರ್. ಬೇಸಿಗೆಯಲ್ಲಿ ಊರಿಗೆ ಬರುವ 5,000 ಲೀಟರ್ ಟ್ಯಾಂಕರ್ ಲೆಕ್ಕದಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 57 ಟ್ಯಾಂಕರ್. ಟ್ಯಾಂಕರ್ ಅಂದ ಕೂಡಲೇ ಅಜ್ಜ ನೆಟ್ಟಗೆ ಕೂತರು. ಫಾರ್ಮುಲಾ ಬದಲಾಗಲಿಲ್ಲ, ಅಳತೆಪಾತ್ರೆ ಬದಲಾಯಿತು ಅಷ್ಟೇ.

ಈ ಕೆಲಸ ಹೊಸದಲ್ಲ. ಸೆಂಟ್ರಲ್ ಕಾಲೇಜಿನ ಫಿಸಿಕ್ಸ್ ಪ್ರೊಫೆಸರ್ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 1918ರಲ್ಲೇ ಬೆಂಗಳೂರಿನಿಂದ 'ವಿಜ್ಞಾನ' ಅನ್ನುವ ಕನ್ನಡ ಮಾಸಪತ್ರಿಕೆ ತಂದರು. ಅವರಿಗೆ ಗೂಗಲ್ ಇರಲಿಲ್ಲ, ಎಷ್ಟೋ ಕಡೆ ಕನ್ನಡ ಪದವೂ ಸಿದ್ಧ ಇರಲಿಲ್ಲ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಾನು 'ಕನ್ನಡದಾಗ ಟೆಕ್ನಿಕಲ್ ಬರೆಯೋಕಾಗಲ್ಲ' ಅನ್ನುತ್ತಿದ್ದೆ. ಖರೆ ಹೇಳಬೇಕೆಂದರೆ ನನಗೇ ವಿಷಯ ಅರ್ಥ ಆಗಿರಲಿಲ್ಲ. ಇಂಗ್ಲಿಷ್‌ನಲ್ಲಿ 'ಡಿಸ್ಚಾರ್ಜ್' ಅಂತ ಬರೆದು ಮುಂದೆ ಹೋಗಬಹುದು, ಕನ್ನಡದಲ್ಲಿ ಅಜ್ಜ ತಡೆಯುತ್ತಾರೆ.

ಶೀರ್ಷಿಕೆಯನ್ನು ಕೊನೆಗೆ ಇಡಿ. ಬರೆದ ಮೇಲೇ ಗೊತ್ತಾಗುತ್ತದೆ ಏನು ಬರೆದೆವು ಅಂತ. 'ಇಂದಿನ ಆಧುನಿಕ ಯುಗದಲ್ಲಿ' ಅಂತ ಶುರುವಾಗುವ ಮೊದಲ ಪ್ಯಾರಾ ಹೊಡೆದು ಹಾಕಿ. ನಂತರ ನಿಮ್ಮ ಬ್ರಾಂಚ್‌ನವರಲ್ಲದ ಒಬ್ಬರಿಗೆ ಗಟ್ಟಿಯಾಗಿ ಓದಿ.

ಎರಡನೇ ಡ್ರಾಫ್ಟ್ ಕೇಳಿ ಮುಗಿಸಿದ ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ಮುನವಳ್ಯಾಗ ಬಿಟ್ಟ ನೀರು ರಾಮದುರ್ಗಕ್ಕ ಬರಾಕ ಎಷ್ಟು ತಾಸು ಬೇಕು? ಅಷ್ಟರಾಗ ಮಂದಿ ಸಾಮಾನು ತಗೊಂಡು ಹೊರಗ ಬರಬಹುದೇನು?"

ಅದನ್ನೇ ಈಗ ಬರೆಯುತ್ತಿದ್ದೇನೆ.