ಮಳೆಗೆ ಮುನ್ನ ಮಳಿಗೆಯ ಭದ್ರತೆ

ಹಿಂದೂಪುರ, ಕಲ್ಯಾಣದುರ್ಗದ ಕಡೆಯವರಾದ ನಮಗೆ ಬರಗಾಲ ಹೊಸದಲ್ಲ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಕಾಣುವ ಸೀಮೆ ನಮ್ಮದು. ಆದುದರಿಂದಲೇ ಕಡಲೆಕಾಯಿ ಮಳಿಗೆ, ಎಣ್ಣೆ ಗಾಣ, ಬೆಲ್ಲ-ಹುಣಸೆಯ ಅಂಗಡಿ ಇವುಗಳನ್ನು ಕಟ್ಟುವಾಗ ಒಳಗೆ ನೀರು ನುಗ್ಗೀತೆಂದು ನಾವು ಎಣಿಸುವುದಿಲ್ಲ. ಅಪಾಯವಿರುವುದು ಇಲ್ಲಿಯೇ. ನಮ್ಮಲ್ಲಿ ಮಳೆ ಬಲವಾಗುವುದು ಉತ್ತರೆ, ಹಸ್ತೆ, ಚಿತ್ತೆಗಳಲ್ಲಿ. ಕಾಯಿ ಕಿತ್ತು, ಮೂಟೆ ಕಟ್ಟಿ, ಮಳಿಗೆ ತುಂಬುವ ಕಾಲವೂ ಅದರ ಬೆನ್ನಿಗೇ ಬರುತ್ತದೆ. ವರ್ಷದ ಬಂಡವಾಳವೆಲ್ಲ ಒಂದೇ ಸೂರಿನಡಿ ಇರುವಾಗಲೇ ನೀರು ಬರುವುದುಂಟು.

ನಮ್ಮ ನದಿಗಳ ಹುಟ್ಟು ಗಡಿಯಾಚೆ ಇರುವುದನ್ನು ಮರೆಯಬಾರದು. ಪೆನ್ನೆಯು ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟಿ, ಗೌರಿಬಿದನೂರಿನ ಕಡೆಯಿಂದ ಹಿಂದೂಪುರ ಸೀಮೆಗೆ ಬರುತ್ತದೆ. ಹಗರಿ ಎಂದು ನಾವು ಕರೆಯುವ ವೇದಾವತಿಯು ಹಿರಿಯೂರಿನ ವಾಣಿವಿಲಾಸ ಸಾಗರವನ್ನು ದಾಟಿ ಭೈರವಾನಿತಿಪ್ಪ ಅಣೆಕಟ್ಟಿಗೆ ಇಳಿಯುತ್ತದೆ. 1933ರ ಅನಂತರ ಕೋಡಿ ಬೀಳದಿದ್ದ ಆ ಸಾಗರ 2022ರ ಸೆಪ್ಟೆಂಬರಿನಲ್ಲಿ ಕೋಡಿ ಬಿದ್ದಿತು. ಒಂದು ತಲೆಮಾರು ಕಾಣದ ನೀರು ಮುಂದಿನ ತಲೆಮಾರಿಗೆ ಬಾರದೆನ್ನುವಂತಿಲ್ಲ. ಆದುದರಿಂದ ಗೌರಿಬಿದನೂರು, ಹಿರಿಯೂರುಗಳ ಮಳೆಯ ಸುದ್ದಿಯೇ ನಮಗೆ ಮುನ್ನೆಚ್ಚರಿಕೆ. ಕನ್ನಡ ಬಲ್ಲ ನಾವು ಅದನ್ನು ಓದಿ, ಕೇಳಿ, ಊರಿಗೂ ತಿಳಿಸಬೇಕು.

ಉತ್ತರೆ ಹುಟ್ಟುವ ಮೊದಲೇ ಮಾಡಬೇಕಾದ ಕೆಲಸಗಳಿವು.

1. ಸೂರಿನ ಹೆಂಚು, ತಗಡು ನೋಡಿ ಸೋರುವ ಕಡೆ ಸರಿಪಡಿಸಬೇಕು. ಮಳಿಗೆಯ ಮುಂದಿನ ಚರಂಡಿಯ ಹೂಳು ತೆಗೆಯಬೇಕು.

2. ಮೂಟೆಗಳನ್ನು ನೆಲದ ಮೇಲೆ ಇಡಬಾರದು. ಕಲ್ಲಿನ ಮೇಲೆ ಹಲಗೆ ಹಾಸಿ, ಗೋಡೆಗೆ ತಾಗದಂತೆ ಒಂದೆರಡು ಅಡಿ ಬಿಟ್ಟು ಒಟ್ಟಬೇಕು. ಗಾಣದ ಮೋಟಾರು, ವಿದ್ಯುತ್ ಗುಂಡಿಗಳು ಎತ್ತರದಲ್ಲಿರಲಿ. ನೀರು ಹೊಸ್ತಿಲಿಗೆ ಬರುವ ಮೊದಲೇ ವಿದ್ಯುತ್ತನ್ನು ನಿಲ್ಲಿಸಬೇಕು. ನೀರಿನಲ್ಲಿ ನಿಂತು ಗುಂಡಿ ಮುಟ್ಟಬಾರದು.

3. ಕಾಯನ್ನು ಅಲುಗಿಸಿದರೆ ಬೀಜ ಗಲಗಲ ಎನ್ನುವಷ್ಟು ಒಣಗಿಸಿಯೇ ತುಂಬಬೇಕು. ನೆನೆದ ಮೂಟೆಯನ್ನು ಒಡನೆ ಬೇರೆ ಮಾಡಿ ಒಣಗಿಸಬೇಕು. ಬೂಷ್ಟು ಹಿಡಿದ ಕಾಯಿಯಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಸೇರುವುದುಂಟು. ಅದು ಯಕೃತ್ತು, ಅಂದರೆ ಈಲಿಗೆ ಕೇಡು. ಅಂಥದನ್ನು ಒಳ್ಳೆಯ ಕಾಯಿಯೊಡನೆ ಬೆರೆಸಬಾರದು, ಗಾಣಕ್ಕೂ ಹಾಕಬಾರದು, ಹಸುವಿಗೂ ತಿನ್ನಿಸಬಾರದು. ವಿಷ ಹಾಲಿಗೂ ಇಳಿಯುತ್ತದೆ.

4. ಲೆಕ್ಕದ ಪುಸ್ತಕ ನೆನೆದರೆ ಬಾಕಿಯೂ ಹೋದಂತೆಯೇ. ಯಾರಿಗೆ ಎಷ್ಟು ಕೊಡಬೇಕು, ಯಾರಿಂದ ಎಷ್ಟು ಬರಬೇಕು ಎಂಬುದರ ಒಂದು ಪ್ರತಿಯನ್ನು ಬೇರೊಂದು ಮನೆಯಲ್ಲಿ ಇಡಬೇಕು. ವಾರಕ್ಕೊಮ್ಮೆ ಪುಟಗಳನ್ನೂ ಸರಕನ್ನೂ ಫೋನಿನಲ್ಲಿ ಚಿತ್ರ ತೆಗೆದು ಮಗನಿಗೋ ನೆಂಟರಿಗೋ ಕಳುಹಿಸಬಹುದು.

5. ವಿಮೆಯ ಮಾತು. ಒಂದು ಸ್ಥಳದಲ್ಲಿ 5 ಕೋಟಿ ರೂಪಾಯಿಯವರೆಗಿನ ಆಸ್ತಿಯುಳ್ಳ ಉದ್ಯಮಗಳಿಗೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂಬ ವಿಮೆ 2021ರ ಏಪ್ರಿಲಿನಲ್ಲಿ ಬಂದಿದೆ. ಬೆಂಕಿ, ಬಿರುಗಾಳಿ, ನೆರೆಗಳ ನಷ್ಟ ಇದರಲ್ಲಿ ಸೇರುತ್ತದೆ. ಕಂತು ಉಳಿಸಲೆಂದು ಬೆಲೆಯನ್ನು ಕಡಿಮೆ ಬರೆಸುವುದು ದೊಡ್ಡ ತಪ್ಪು. 4 ಲಕ್ಷದ ಸರಕಿಗೆ 2 ಲಕ್ಷವೆಂದು ಬರೆಸಿದ್ದರೆ, 1 ಲಕ್ಷ ನಷ್ಟವಾದಾಗ ಕೈಗೆ ಬರುವುದು ಸುಮಾರು ಅರ್ಧವಷ್ಟೆ. ಸುಗ್ಗಿಯಲ್ಲಿ ಮಳಿಗೆ ತುಂಬಿದಾಗಿನ ಬೆಲೆಯನ್ನೇ ಬರೆಸಬೇಕು. ರೈತರು ನಂಬಿ ಇಟ್ಟ ಮೂಟೆಗಳಿದ್ದರೆ ಅದನ್ನೂ ಹೇಳಿ ಬರೆಸಬೇಕು. ಕಾಗದವು ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಬಲ್ಲವರಿಂದ ಓದಿಸಿ, ಕನ್ನಡದಲ್ಲಿ ಅರ್ಥ ಕೇಳಿಕೊಂಡ ಮೇಲೆಯೇ ರುಜು ಹಾಕುವುದು ಒಳ್ಳೆಯದು.

ನಷ್ಟವಾದರೆ ವಿಮೆಯವರಿಗೆ ಒಡನೆ ತಿಳಿಸಬೇಕು. ಅವರು ಬಂದು ನೋಡುವ ಮೊದಲು ನೆನೆದ ಸರಕನ್ನು ಎಸೆಯದೆ, ಚಿತ್ರ ತೆಗೆದು, ಬೇರೆಯಾಗಿ ಇಡಬೇಕು.

ಹಳ್ಳಿಯ ಮಳಿಗೆ ಒಬ್ಬನ ಸ್ವತ್ತಾದರೂ ಅದರಲ್ಲಿ ಹತ್ತು ಮನೆಯ ಕಾಯಿಯೂ ಮುಂದಿನ ಬಿತ್ತನೆಯ ಬೀಜವೂ ಇರುತ್ತದೆ. ಹಲಗೆ, ಟಾರ್ಪಾಲು, ಒಂದು ಪ್ರತಿ ಲೆಕ್ಕ ಇವಕ್ಕೆ ತಗಲುವ ಖರ್ಚು ಸ್ವಲ್ಪ. ಮೋಡ ಕಟ್ಟಿದ ಮೇಲೆ ಹಲಗೆ ಹುಡುಕುವುದು ಬೇಡ. ಈ ವಾರದ ಸಂತೆಯಲ್ಲೇ ಕೊಂಡು ತರೋಣ.