ಘಟ್ಟದ ಏರಿಗೆ ಗೇರ್‌ಬಾಕ್ಸ್ ಆಯಿಲ್ ಕೂಲರ್: ಆಯ್ಕೆ ಮತ್ತು ಅಳವಡಿಕೆ

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳಿಗೂ ಕರಾವಳಿಗೂ ನಡುವೆ ಘಟ್ಟವಿದೆ. ವರದಹಳ್ಳಿಯ ಶ್ರೀಧರಾಶ್ರಮಕ್ಕೆ ಕರಾವಳಿಯಿಂದ ಬರುವ ಭಕ್ತರ ಕಾರಾಗಲಿ, ಅಡಿಕೆ ವ್ಯವಹಾರಕ್ಕೆಂದು ಮಂಗಳೂರಿಗೆ ಹೋಗಿಬರುವ ವರ್ತಕರ ವಾಹನವಾಗಲಿ, ಆಗುಂಬೆ, ಹುಲಿಕಲ್ ಅಥವಾ ಗೇರುಸೊಪ್ಪೆಯಂತಹ ಘಟ್ಟದ ಏರನ್ನು ಹತ್ತಲೇಬೇಕು. ಈ ಮಾರ್ಗಗಳಲ್ಲಿ ಕ್ಲಚ್ ಪೆಡಲ್ ಇಲ್ಲದ ‘ಆಟೋಮ್ಯಾಟಿಕ್’ ಕಾರುಗಳು ಈಗ ಸಾಮಾನ್ಯವಾಗಿವೆ. ಹೆಚ್ಚು ಅಶ್ವಶಕ್ತಿಯ ಕಾರುಗಳನ್ನು ಇಷ್ಟಪಟ್ಟು ಕೊಳ್ಳುವವರೂ ಇದ್ದಾರೆ. ಇಂತಹ ವಾಹನಗಳ ಗೇರ್‌ಬಾಕ್ಸ್ ಕೆಟ್ಟಾಗ ದುರಸ್ತಿಯ ವೆಚ್ಚ ಲಕ್ಷ ರೂಪಾಯಿಗಳಲ್ಲಿರುತ್ತದೆ. ಅದನ್ನು ತಪ್ಪಿಸಲು ಹೆಚ್ಚುವರಿ ಆಯಿಲ್ ಕೂಲರ್ ಉಪಯುಕ್ತ ಸಾಧನ. ಆದರೆ ಎಲ್ಲ ಆಟೋಮ್ಯಾಟಿಕ್ ಕಾರುಗಳಿಗೂ ಅದು ಹೊಂದುವುದಿಲ್ಲ. ಬಿಡಿಭಾಗಗಳ ವ್ಯಾಪಾರಿಗಳೂ ಗ್ಯಾರೇಜುದಾರರೂ ಮೊದಲು ಅರಿಯಬೇಕಾದ ಸಂಗತಿ ಇದೇ.

ಶಾಖ ಹುಟ್ಟುವ ಬಗೆ

ಟಾರ್ಕ್ ಕನ್ವರ್ಟರ್ ಇರುವ ಗೇರ್‌ಬಾಕ್ಸಿನಲ್ಲಿ ಎಂಜಿನ್ನಿನ ಬಲವು ಎಣ್ಣೆಯ ಮೂಲಕ ಸಾಗುತ್ತದೆ. ಕಡಿದಾದ ತಿರುವುಗಳಲ್ಲಿ ನಿಧಾನವಾಗಿ ಏರುವಾಗ ಕನ್ವರ್ಟರ್ ಜಾರುತ್ತದೆ. ಜಾರಿದ ಬಲವೆಲ್ಲ ಶಾಖವಾಗಿ ಎಣ್ಣೆಗೆ ಸೇರುತ್ತದೆ. ಒಂದು ಸರಳ ಲೆಕ್ಕವನ್ನು ಗಮನಿಸಬಹುದು. ಎರಡು ಟನ್ ತೂಕದ, ತುಂಬಿದ ವಾಹನವನ್ನು 500 ಮೀಟರ್ ಎತ್ತರಕ್ಕೆ ಏರಿಸಲು ಸುಮಾರು 9,800 ಕಿಲೋಜೌಲ್ ಶಕ್ತಿ ಬೇಕು. ಅದರ ನೂರಕ್ಕೆ 15 ಪಾಲಿನಷ್ಟು ಶಕ್ತಿ ಕನ್ವರ್ಟರಿನಲ್ಲಿ ಶಾಖವಾಯಿತೆಂದು ಇಟ್ಟುಕೊಂಡರೆ ಸುಮಾರು 1,470 ಕಿಲೋಜೌಲ್ ಆಗುತ್ತದೆ. ಏಳು ಕಿಲೋ ಎಣ್ಣೆಯನ್ನು ಒಂದು ಡಿಗ್ರಿ ಬಿಸಿಮಾಡಲು ಸುಮಾರು 14 ಕಿಲೋಜೌಲ್ ಸಾಕು. ಎಂದರೆ, ಶಾಖವನ್ನು ಹೊರಹಾಕುವ ವ್ಯವಸ್ಥೆ ಇಲ್ಲದಿದ್ದರೆ ಒಂದೇ ಏರಿನಲ್ಲಿ ಎಣ್ಣೆಯ ಉಷ್ಣತೆ ನೂರು ಡಿಗ್ರಿಗಳಷ್ಟು ಹೆಚ್ಚಬಲ್ಲದು.

ಈ ಎಣ್ಣೆಗೆ 80ರಿಂದ 95 ಡಿಗ್ರಿ ಸೆಲ್ಸಿಯಸ್ ಹಿತವಾದ ಮಟ್ಟ. 120 ಡಿಗ್ರಿ ದಾಟಿ ಬಹುಕಾಲ ಓಡಿದರೆ ಎಣ್ಣೆ ಬೇಗ ಹಳಸಿ, ವಾಲ್ವುಗಳ ಮೇಲೆ ವಾರ್ನಿಷಿನಂತಹ ಪದರ ಕಟ್ಟುತ್ತದೆ. ಇನ್ನೂ ಹೆಚ್ಚಿದರೆ ರಬ್ಬರ್ ಸೀಲುಗಳು ಗಡುಸಾಗಿ, ಕ್ಲಚ್ ಪ್ಲೇಟುಗಳು ಸುಡುತ್ತವೆ.

ಮೊದಲು ಗೇರ್‌ಬಾಕ್ಸನ್ನು ಗುರುತಿಸಬೇಕು

2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ನಮ್ಮ ದೇಶದಲ್ಲಿ ಜನಪ್ರಿಯವಾದ ಎ.ಎಂ.ಟಿ.ಯು ವಾಸ್ತವವಾಗಿ ಸಾಧಾರಣ ಗೇರ್‌ಬಾಕ್ಸೇ. ಕ್ಲಚ್ ಒತ್ತುವ ಮತ್ತು ಗೇರ್ ಬದಲಿಸುವ ಕೆಲಸವನ್ನು ಮಾತ್ರ ಯಂತ್ರ ಮಾಡುತ್ತದೆ. ಅದರ ಕ್ಲಚ್ ಒಣ ಕ್ಲಚ್. ಏರಿನಲ್ಲಿ ಬಿಸಿಯಾಗುವುದು ಕ್ಲಚ್ಚೇ ಹೊರತು ಎಣ್ಣೆಯಲ್ಲವಾದ್ದರಿಂದ ಕೂಲರಿನಿಂದ ಪ್ರಯೋಜನವಿಲ್ಲ. 2013ರಲ್ಲಿ ಬಂದ ಫೋಕ್ಸ್‌ವ್ಯಾಗನ್ ಪೋಲೋ ಜಿ.ಟಿ. ಟಿ.ಎಸ್.ಐ. ಕಾರಿನ ಏಳು ಗೇರುಗಳ ಡಿ.ಎಸ್.ಜಿ.ಗೂ ಒಣ ಕ್ಲಚ್ಚೇ ಇದ್ದಿತು. ಇದಕ್ಕೆ ಭಿನ್ನವಾಗಿ, 2017ರ ಸ್ಕೋಡಾ ಆಕ್ಟೇವಿಯಾ ಆರ್.ಎಸ್.ನ ಆರು ಗೇರುಗಳ ಡಿ.ಎಸ್.ಜಿ.ಯಲ್ಲಿ ಕ್ಲಚ್ಚುಗಳು ಎಣ್ಣೆಯಲ್ಲಿ ಮುಳುಗಿರುತ್ತವೆ. ಅಲ್ಲಿ ಕೂಲರಿಗೆ ಅರ್ಥವಿದೆ. ಆದರೆ ಆ ಗೇರ್‌ಬಾಕ್ಸಿಗೆಂದೇ ತಯಾರಾದ ಕಿಟ್ ಬೇಕು. ಇನ್ನೋವಾ ಕ್ರಿಸ್ಟಾದಂತಹ ಟಾರ್ಕ್ ಕನ್ವರ್ಟರ್ ವಾಹನಗಳಿಗೆ, ಅದರಲ್ಲೂ ಪೂರ್ಣ ಹೊರೆಯೊಡನೆ ಘಟ್ಟ ಹತ್ತುವವುಗಳಿಗೆ, ಲಾಭ ಹೆಚ್ಚು.

ಗುರುತಿಸಿದ ಮೇಲೂ ಅಳೆಯದೆ ಮಾರಬಾರದು. ಗೇರ್‌ಬಾಕ್ಸ್ ಉಷ್ಣತೆಯನ್ನು ತೋರಿಸುವ ಸ್ಕ್ಯಾನರನ್ನು ಜೋಡಿಸಿ, ಗ್ರಾಹಕರ ಎಂದಿನ ಹೊರೆಯೊಡನೆ ಘಟ್ಟವನ್ನೊಮ್ಮೆ ಹತ್ತಿಸಿ ನೋಡಬೇಕು. 100 ಡಿಗ್ರಿಯೊಳಗೆ ಉಳಿದರೆ ಕೂಲರ್ ಬೇಕಿಲ್ಲ; ಸಕಾಲದಲ್ಲಿ ಎಣ್ಣೆ ಬದಲಿಸಿದರೆ ಸಾಕು.

ಕೂಲರಿನ ಆಯ್ಕೆ

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಕೊಳವೆಗೆ ರೆಕ್ಕೆಗಳನ್ನು ಹೊಂದಿಸಿದ್ದು ಅಗ್ಗ. ಆದರೆ ಅದೇ ಅಳತೆಯಲ್ಲಿ ಅದು ಹೊರಹಾಕುವ ಶಾಖ ಕಡಿಮೆ. ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದ್ದು ದುಬಾರಿ. ಕಡಿಮೆ ಜಾಗದಲ್ಲಿ ಹೆಚ್ಚು ಕೆಲಸ ಮಾಡುತ್ತದೆ, ಎಣ್ಣೆಯ ಹರಿವಿಗೂ ಅಡ್ಡಿ ಕಡಿಮೆ. ಘಟ್ಟದ ಬಳಕೆಗೆ ಎರಡನೆಯದೇ ಮೇಲು. ದೊಡ್ಡದಾದಷ್ಟೂ ಒಳ್ಳೆಯದೆಂಬ ಭಾವನೆ ಸರಿಯಲ್ಲ. ಮಲೆನಾಡಿನ ಮಳೆಗಾಲದ ತಂಪಿನಲ್ಲಿ ಎಣ್ಣೆ ಅತಿಯಾಗಿ ತಣಿದರೆ ಗೇರ್ ಬದಲಾವಣೆ ಒರಟಾಗುತ್ತದೆ. ಎಣ್ಣೆ ಬಿಸಿಯಾಗುವವರೆಗೆ ಕೂಲರನ್ನು ಬಳಸಿ ಹೋಗದಂತೆ ತಡೆಯುವ ಥರ್ಮೋಸ್ಟಾಟ್ ಇರುವ ಮಾದರಿ ಇಲ್ಲಿಗೆ ಸೂಕ್ತ.

ಅಳವಡಿಸುವ ಕ್ರಮ

1. ವಾಹನ ಪೂರ್ತಿ ತಣಿದ ಮೇಲೆಯೇ ಕೆಲಸ ಆರಂಭಿಸಬೇಕು. ಮೊದಲಿಗೆ ಹಳೆಯ ಎಣ್ಣೆಯನ್ನು ಪರೀಕ್ಷಿಸಬೇಕು. ಸುಟ್ಟ ವಾಸನೆ ಇದ್ದರೆ ಗೇರ್‌ಬಾಕ್ಸಿಗೆ ಈಗಾಗಲೇ ಹಾನಿಯಾಗಿರಬಹುದು. ಹಾಲು ಬೆರೆಸಿದಂತೆ ಕಂಡರೆ ರೇಡಿಯೇಟರಿನ ನೀರು ಒಳಸೇರಿದೆ ಎಂದರ್ಥ. ಎರಡನ್ನೂ ಕೂಲರ್ ಸರಿಪಡಿಸಲಾರದು.

2. ಕೂಲರನ್ನು ರೇಡಿಯೇಟರ್ ಮತ್ತು ಎ.ಸಿ. ಕಂಡೆನ್ಸರಿನ ಮುಂದೆ, ಒಂದು ಸೆಂಟಿಮೀಟರಿನಷ್ಟು ಅಂತರ ಬಿಟ್ಟು, ಕಬ್ಬಿಣದ ಬ್ರಾಕೆಟ್ ಮತ್ತು ರಬ್ಬರ್ ಬುಷ್‌ಗಳ ಮೇಲೆ ಕೂರಿಸಬೇಕು. ರೇಡಿಯೇಟರಿನ ರೆಕ್ಕೆಗಳೊಳಗೆ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಕಟ್ಟುವ ರೂಢಿ ಅಪಾಯಕರ. ಅದುರಾಟಕ್ಕೆ ಉಜ್ಜಿ ರೇಡಿಯೇಟರೇ ತೂತಾಗುತ್ತದೆ.

3. ಎಂಜಿನನ್ನು ತುಸು ಹೊತ್ತು ಓಡಿಸಿದಾಗ ಮೊದಲು ಬಿಸಿಯಾಗುವ ಕೊಳವೆ ಗೇರ್‌ಬಾಕ್ಸಿನಿಂದ ಹೊರಬರುವುದು, ಇನ್ನೊಂದು ಹಿಂದಿರುಗುವುದು. ಕಂಪನಿಯ ಕೂಲರನ್ನು ತೆಗೆಯದೆ, ಹಿಂದಿರುಗುವ ಕೊಳವೆಯಲ್ಲಿ ಹೊಸ ಕೂಲರನ್ನು ಸೇರಿಸಬೇಕು.

4. ಗೇರ್‌ಬಾಕ್ಸ್ ಎಣ್ಣೆಯ ಬಿಸಿ ಮತ್ತು ಒತ್ತಡಕ್ಕೆಂದೇ ತಯಾರಾದ ಹೋಸನ್ನೇ ಬಳಸಬೇಕು. ಪೆಟ್ರೋಲ್ ಅಥವಾ ನೀರಿನ ಹೋಸ್ ಕೂಡದು. ಕತ್ತರಿಸಿದ ಕೊಳವೆಯ ತುದಿಗೆ ಉಬ್ಬು ಕೊಟ್ಟು ಕ್ಲಾಂಪ್ ಬಿಗಿಯದಿದ್ದರೆ ಹೋಸ್ ಕಳಚಿಕೊಳ್ಳುತ್ತದೆ. ಸೈಲೆನ್ಸರ್ ಕೊಳವೆ ಮತ್ತು ಫ್ಯಾನಿನಿಂದ ಅದನ್ನು ದೂರವಿರಿಸಬೇಕು.

5. ಕೂಲರ್ ತುಂಬುವಷ್ಟು ಹೆಚ್ಚುವರಿ ಎಣ್ಣೆಯನ್ನು, ವಾಹನ ತಯಾರಕರು ಸೂಚಿಸಿದ ದರ್ಜೆಯದನ್ನೇ, ಹಾಕಬೇಕು. ಬ್ರೇಕ್ ಒತ್ತಿಹಿಡಿದು ಎಲ್ಲ ಗೇರುಗಳಿಗೂ ಹಾಕಿ ತೆಗೆದ ಬಳಿಕ, ತಯಾರಕರು ಹೇಳಿದ ಉಷ್ಣತೆಯಲ್ಲಿ ಎಣ್ಣೆಯ ಮಟ್ಟವನ್ನು ನೋಡಬೇಕು. 50 ಮತ್ತು 500 ಕಿ.ಮೀ. ಓಡಿದ ಮೇಲೆ ಸೋರಿಕೆಯ ಪರೀಕ್ಷೆ ಅವಶ್ಯ. ಕೆಂಪು ಕೆಸರು ರೆಕ್ಕೆಗಳಲ್ಲಿ ಗಟ್ಟಿಯಾಗುವುದರಿಂದ ಮಳೆಗಾಲ ಮುಗಿದೊಡನೆ ಕಡಿಮೆ ಒತ್ತಡದ ನೀರಿನಿಂದ ತೊಳೆಯುವುದೂ ಒಳ್ಳೆಯದು.

ವ್ಯಾಪಾರಿಗಳ ಗಮನಕ್ಕೆ

ವಾರಂಟಿ ಅವಧಿಯಲ್ಲಿರುವ ವಾಹನಕ್ಕೆ ಹೊರಗಿನ ಕೂಲರ್ ಹಾಕಿದರೆ ಗೇರ್‌ಬಾಕ್ಸಿನ ವಾರಂಟಿಗೆ ತೊಡಕಾಗಬಹುದು. ಇದನ್ನು ಗ್ರಾಹಕರಿಗೆ ಮುಂಚಿತವಾಗಿ ತಿಳಿಸಿ, ಬಿಲ್ಲಿನಲ್ಲಿ ಬರೆಯುವುದು ಕ್ಷೇಮ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳಿಗೆ ಶೇ. 18ರ ಏಕರೂಪ ಜಿ.ಎಸ್.ಟಿ. ದರ ಜಾರಿಗೆ ಬಂದಿರುವುದರಿಂದ ಹಳೆಯ ದರಪಟ್ಟಿಗಳನ್ನು ಪರಿಷ್ಕರಿಸಿಕೊಳ್ಳಬೇಕು. ಕೂಲರ್ ಹೊರಗಿನಿಂದ ಬಂದರೂ ಬ್ರಾಕೆಟ್, ರಕ್ಷಣಾ ಜಾಲರಿ ಮತ್ತು ಕೊಳವೆಯ ಜೋಡಣೆಗಳನ್ನು ಸ್ಥಳೀಯ ಲೇತ್ ಮತ್ತು ವೆಲ್ಡಿಂಗ್ ಘಟಕಗಳಲ್ಲೇ ತಯಾರಿಸಬಹುದು. ಒಂದೊಂದು ಮಾದರಿಯ ಕಾರಿಗೂ ಅಳತೆಯ ಅಚ್ಚನ್ನು ಸಿದ್ಧವಿಟ್ಟುಕೊಂಡವರಿಗೆ ಕೆಲಸವೂ ಬೇಗ, ಸೋರಿಕೆಯ ದೂರೂ ಕಡಿಮೆ.

2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಸಾಗರ ಮತ್ತು ಕೊಲ್ಲೂರುಗಳ ನಡುವೆ ಲಾಂಚಿಗಾಗಿ ಕಾಯುವ ಅಗತ್ಯ ತಪ್ಪಿದೆ. ಘಟ್ಟ ಹತ್ತಿಳಿಯುವ ವಾಹನಗಳಿಗೆ ಸೇವೆ ಒದಗಿಸುವವರಿಗೆ ಇದೊಂದು ಅವಕಾಶ. ಬೇಡದ ಕಾರಿಗೆ ಕೂಲರ್ ಮಾರಿದರೆ ಒಂದು ದಿನದ ಲಾಭ ಬರಬಹುದು. ‘ನಿಮ್ಮ ಕಾರಿಗೆ ಇದು ಬೇಡ’ ಎಂದು ಅಳೆದು ತೋರಿಸಿದ ಅಂಗಡಿಗೆ ಗ್ರಾಹಕರು ಮರಳಿ ಬರುತ್ತಾರೆ.