ಬಯಲು ನಾಟಕದಿಂದ ಮೈಕಿನ ಕೋಣೆಗೆ: ಆಕಾಶವಾಣಿ ಆಡಿಷನ್‌ಗೆ ಹೊರಡುವ ಮುನ್ನ

ದೊಡ್ಡಬಳ್ಳಾಪುರದ ಆಸುಪಾಸಿನಲ್ಲಿ ಹಗಲೆಲ್ಲ ಮಗ್ಗದ ಮುಂದೆ ಕೂತವರು ರಾತ್ರಿ ಕುರುಕ್ಷೇತ್ರ ನಾಟಕದಲ್ಲಿ ದುರ್ಯೋಧನನಾಗಿ ನಿಂತು, ಕಂದಪದ್ಯವನ್ನು ಊರಾಚೆಯ ತೋಟದವರೆಗೂ ಕೇಳುವಂತೆ ಎಳೆಯುವುದುಂಟು. 'ರೇಡಿಯೋದಲ್ಲಿ ಯಾಕೆ ಹಾಡಬಾರದು?' ಎಂದು ಅಂಥವರನ್ನು ಕೇಳಿ ನೋಡಿ. 'ಅದಕ್ಕೆಲ್ಲ ಒಳಗೆ ಯಾರಾದ್ರೂ ಗೊತ್ತಿರ್ಬೇಕಲ್ವಾ ಸಾರ್' ಎನ್ನುತ್ತಾರೆ. ಯಾರೂ ಗೊತ್ತಿರಬೇಕಾಗಿಲ್ಲ, ಅರ್ಜಿ ಹಾಕಿ ಆಡಿಷನ್ ಎಂಬ ದನಿಯ ಪರೀಕ್ಷೆಯಲ್ಲಿ ಗೆದ್ದರೆ ಸಾಕು. ಆದರೆ ಯಾವ ವಿಭಾಗಕ್ಕೆ ಹಾಕುತ್ತೀರಿ ಎನ್ನುವಲ್ಲೇ ಎಷ್ಟೋ ಜನ ಎಡವುತ್ತಾರೆ.

ಯಾವ ರೇಡಿಯೋ?

2001ರ ಜುಲೈನಲ್ಲಿ ರೇಡಿಯೋ ಸಿಟಿ ಬೆಂಗಳೂರಿನಲ್ಲಿ ಶುರುವಾದಾಗ ಅದು ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ. ಆಮೇಲೆ ಬಂದವೂ ಹಲವು. ಇವುಗಳ ಹೊಟ್ಟೆಪಾಡು ಹೆಚ್ಚಾಗಿ ಸಿನಿಮಾ ಹಾಡಿನ ಮೇಲೆ ನಡೆಯುವುದರಿಂದ ಹೊಸ ಗಾಯಕರಿಗೆ ಅಲ್ಲಿ ಸಿಗುವುದು ಕಿಟಕಿ ಮಾತ್ರ, ಬಾಗಿಲಲ್ಲ. ಸಮುದಾಯ ರೇಡಿಯೋ ಇನ್ನೊಂದು ದಾರಿ. ಅದರ ಶಕ್ತಿ 100 ವ್ಯಾಟ್‌ಗೆ ಸೀಮಿತ, ಕೇಳಿಸುವುದು ಸುತ್ತಲ ಹತ್ತು ಹದಿನೈದು ಕಿಲೋಮೀಟರ್. ಆದರೆ ಕನಿಷ್ಠ ಅರ್ಧದಷ್ಟು ಕಾರ್ಯಕ್ರಮ ಸ್ಥಳೀಯವಾಗಿಯೇ ತಯಾರಾಗಬೇಕೆಂಬ ನಿಯಮವಿರುವುದರಿಂದ ಅವರಿಗೆ ಹಾಡುವವರು ಬೇಕೇ ಬೇಕು. ನಮ್ಮ ನೆರೆಯ ಕೋಲಾರದ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ಪರವಾನಗಿಗೂ ಕಾಯದೆ ಕೇಬಲ್ ಮೂಲಕವೇ ಊರಿನವರ ದನಿಯನ್ನು ಮನೆಮನೆಗೆ ಮುಟ್ಟಿಸಿತ್ತು. ಮೈಕಿನ ಭಯ ಬಿಡಿಸಿಕೊಳ್ಳಲು ಇಂಥ ಜಾಗ ಒಳ್ಳೆಯದು.

ದರ್ಜೆ, ಕರಾರು, ಸಂಭಾವನೆ ಮೂರೂ ಬೇಕೆಂದರೆ ಹೋಗಬೇಕಾದ್ದು ಬೆಂಗಳೂರಿನ ರಾಜಭವನ ರಸ್ತೆಯ ಆಕಾಶವಾಣಿಗೆ. 1955ರ ನವೆಂಬರ್‌ನಲ್ಲಿ ಆರಂಭವಾದ ಕೇಂದ್ರ ಅದು. ಮದುವೆ, ಉತ್ಸವಗಳ ಕರಪತ್ರದಲ್ಲಿ ಹೆಸರಿನ ಕೆಳಗೆ ಅಚ್ಚಾಗುವ 'ಆಕಾಶವಾಣಿ ಕಲಾವಿದರು' ಎಂಬ ಎರಡು ಪದಕ್ಕೆ ಇವತ್ತಿಗೂ ಬೆಲೆ ಇದೆ.

ವಿಭಾಗ ಆರಿಸುವುದು

ಶಾಸ್ತ್ರೀಯ, ಸುಗಮ ಸಂಗೀತ, ಜಾನಪದ ಹೀಗೆ ವಿಭಾಗಗಳು ಬೇರೆ ಬೇರೆ. ಹುಡುಗರು ಕಣ್ಣುಮುಚ್ಚಿ ಸುಗಮ ಸಂಗೀತಕ್ಕೆ ಗುರುತು ಹಾಕಿ, ಮೊಬೈಲ್‌ನಲ್ಲಿ ಕೇಳಿ ಕಲಿತ ಸಿನಿಮಾ ಹಾಡು ಹಿಡಿದುಕೊಂಡು ಹೋಗುತ್ತಾರೆ. ಅಲ್ಲಿ ಸಿನಿಮಾ ಹಾಡು ನಡೆಯುವುದಿಲ್ಲ. ಇದಕ್ಕೊಂದು ಹಳೆಯ ಕತೆಯಿದೆ. 1952ರಲ್ಲಿ ಬಿ.ವಿ. ಕೇಸ್ಕರ್ ಕೇಂದ್ರದ ವಾರ್ತಾ ಮತ್ತು ಪ್ರಸಾರ ಮಂತ್ರಿಯಾದ ಮೇಲೆ ಆಕಾಶವಾಣಿಯಲ್ಲಿ ಸಿನಿಮಾ ಹಾಡು ಬಹುತೇಕ ನಿಂತೇಹೋಯಿತು. ಕೇಳುಗರು ರೇಡಿಯೋ ಸಿಲೋನ್‌ಗೆ ಓಡಿದರು, 1957ರಲ್ಲಿ ವಿವಿಧ ಭಾರತಿ ಶುರುಮಾಡಿ ಅವರನ್ನು ವಾಪಸ್ ಕರೆಯಬೇಕಾಯಿತು. ಆದರೆ ಆ ಹಟದಿಂದ ಕನ್ನಡಕ್ಕೆ ಲಾಭವೂ ಆಯಿತು ಅನ್ನಬೇಕು. ಕವಿತೆಗೆ ಹೊಸದಾಗಿ ರಾಗ ಹಾಕಿ ಹಾಡುವ ಭಾವಗೀತೆಯ ಸಂಪ್ರದಾಯಕ್ಕೆ ರೇಡಿಯೋ ದೊಡ್ಡ ಆಸರೆಯಾಯಿತು, ಎಚ್.ಕೆ. ನಾರಾಯಣ ಅವರಂಥ ನಿಲಯದ ಕಲಾವಿದರು ಅದನ್ನು ಬೆಳೆಸಿದರು. ಆದ್ದರಿಂದ ಸುಗಮ ಸಂಗೀತಕ್ಕೆ ಅರ್ಜಿ ಹಾಕುವವರು ಕವಿಯ ಹೆಸರು, ರಾಗ ಸಂಯೋಜಕರ ಹೆಸರು ಎರಡನ್ನೂ ತಿಳಿದ ಭಾವಗೀತೆಗಳನ್ನು ಸಿದ್ಧಮಾಡಿಕೊಳ್ಳಲಿ.

ಅಜ್ಜಿಯಿಂದ ಸೋಬಾನೆ, ರಾಗಿ ಬೀಸುವ ಪದ ಕಲಿತವರು, ಭಜನೆ ಮನೆಯಲ್ಲಿ ತತ್ವಪದ ಹಾಡುವವರು ಜಾನಪದಕ್ಕೇ ಹಾಕಿ ಎನ್ನುವುದು ನನ್ನ ಸಲಹೆ. ನಗರದ ಅಭ್ಯರ್ಥಿ ಪುಸ್ತಕ ನೋಡಿ ಕಲಿತದ್ದು ನಿಮಗೆ ಹಾಲಿನ ಜೊತೆ ಬಂದಿದೆ. ಯಾವ ಪದ, ಯಾವ ಊರಿನದು, ಯಾರಿಂದ ಕಲಿತದ್ದು, ಯಾವ ಶಾಸ್ತ್ರದಲ್ಲಿ ಹಾಡುವುದು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಪದಕ್ಕೆ ಸಿನಿಮಾ ಮಟ್ಟು ಅಂಟಿಕೊಂಡಿದ್ದರೆ ಊರಿನ ಹಿರಿಯರ ಬಳಿ ಕೂತು ಹಳೆಯ ಮಟ್ಟನ್ನು ತಿದ್ದಿಸಿಕೊಳ್ಳಿ.

ಅರ್ಜಿ

ಅರ್ಜಿ ಕರೆಯುವ ಸಮಯ, ಶುಲ್ಕ, ವಯಸ್ಸು, ಎಷ್ಟು ಹಾಡಿನ ಪಟ್ಟಿ ಕೊಡಬೇಕು ಎಂಬುದನ್ನು ನಿಲಯದಲ್ಲೇ ವಿಚಾರಿಸಿ. ಪಕ್ಕವಾದ್ಯ ಅವರು ಕೊಡುತ್ತಾರೋ ನೀವು ಕರೆತರಬೇಕೋ ಎನ್ನುವುದನ್ನು ಮರೆಯದೆ ಕೇಳಿ. ಪಟ್ಟಿಯಲ್ಲಿ ಬರೆದ ಯಾವ ಹಾಡನ್ನಾದರೂ ಕೇಳಬಹುದು, ಹಾಗಾಗಿ ಅರೆಬರೆ ಬರುವುದನ್ನು ಪಟ್ಟಿಗೆ ಸೇರಿಸಬೇಡಿ.

ಗಂಟಲನ್ನು ಒಳಗೆ ತರುವುದು

ನಮ್ಮ ಕಡೆಯವರಿಗೆ ಕಷ್ಟವಾಗುವುದು ಇಲ್ಲೇ. ಬಯಲಿನಲ್ಲಿ ತಮಟೆ, ಹಾರ್ಮೋನಿಯಂ, ಜನರ ಗದ್ದಲ ಎಲ್ಲವನ್ನೂ ಮೀರಿ ಹಾಡಿದ ಗಂಟಲು, ಒಂದೆರಡು ಗೇಣು ದೂರದ ಮೈಕಿನ ಮುಂದೆ ಕಿರುಚಿದಂತೆ ಕೇಳುತ್ತದೆ. ಬೀರು, ಬಟ್ಟೆ, ಹಾಸಿಗೆ ತುಂಬಿದ ಚಿಕ್ಕ ಕೋಣೆಯಲ್ಲಿ ಮೊಬೈಲನ್ನು ಎದುರಿಗಿಟ್ಟು ಹಾಡಿ, ಮಾರನೆಯ ದಿನ ಕೇಳಿ. ಉಸಿರಿನ ಸದ್ದು, 'ಪ' 'ಬ' ಅಕ್ಷರಗಳ ಹೊಡೆತ, ಪದದ ಕೊನೆಯಲ್ಲಿ ಜಾರುವ ಸ್ವರ ಎಲ್ಲ ಗೊತ್ತಾಗುತ್ತವೆ.

ಹಾರ್ಮೋನಿಯಂ ಬಿಟ್ಟು ಬರೀ ತಂಬೂರಿ ಶ್ರುತಿಗೆ ಹಾಡುವ ರೂಢಿ ಮಾಡಿ. ಡ್ರಾಮಾ ಮೇಷ್ಟ್ರ ಪೆಟ್ಟಿಗೆ ಹಾಡುಗಾರನ ತಪ್ಪನ್ನು ಹೊದಿಕೆಯಂತೆ ಮುಚ್ಚಿಬಿಡುತ್ತದೆ. (1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ಹಾರ್ಮೋನಿಯಂಗೆ ನಿಷೇಧವೇ ಇತ್ತು. ನಮ್ಮ ನಾಟಕದವರಿಗೆ ಈ ಸಂಗತಿ ಹೇಳಿದರೆ ನಂಬುವುದೇ ಇಲ್ಲ!) ನಿಮ್ಮ ಶ್ರುತಿ ಬಿಳಿ ನಾಲ್ಕೋ ಕಪ್ಪು ಒಂದೋ, ಕೇಳಿದ ತಕ್ಷಣ ಹೇಳುವಂತಿರಬೇಕು. ರಾತ್ರಿಯಿಡೀ ಎಳೆಯುವ ಪದ್ಯವನ್ನು ನಾಲ್ಕೈದು ನಿಮಿಷಕ್ಕೆ ಕಟ್ಟುವುದನ್ನೂ ಗಡಿಯಾರ ನೋಡಿಯೇ ಕಲಿಯಬೇಕು.

ಆಡಿಷನ್ ದಿನ

ಹೊಸಕೋಟೆಯವರು ಕಾಡುಗೋಡಿ ಅಥವಾ ಕೆ.ಆರ್. ಪುರದಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿ ವಿಧಾನಸೌಧ ನಿಲ್ದಾಣದಲ್ಲಿ ಇಳಿಯಬಹುದು. ನೆಲಮಂಗಲದವರಿಗೆ ಈಗ ಮಾದಾವರದಿಂದ ಹಸಿರು ಮಾರ್ಗವಿದೆ, ಮೆಜೆಸ್ಟಿಕ್‌ನಲ್ಲಿ ಬದಲಿಸಬೇಕು. ದೇವನಹಳ್ಳಿ, ದೊಡ್ಡಬಳ್ಳಾಪುರದವರು ಹೆಬ್ಬಾಳದ ಟ್ರಾಫಿಕ್ ಲೆಕ್ಕ ಹಾಕಿ ಒಂದು ಗಂಟೆ ಮೊದಲೇ ಹೊರಡಿ. ಸದ್ದು ಮಾಡುವ ಬಳೆ ಬೇಡ. ಸರದಿಗೆ ಕಾಯುವ ಹೊತ್ತಿನಲ್ಲಿ ತಣ್ಣಗಿನದು ಏನನ್ನೂ ಕುಡಿಯಬೇಡಿ.

ಹೆಸರು, ಜಾತಿ, ಶಿಫಾರಸು ನೋಡದೆ ದನಿಯನ್ನಷ್ಟೇ ಕೇಳಬೇಕು ಎಂಬುದೇ ಆಡಿಷನ್ ಪದ್ಧತಿಯ ಉದ್ದೇಶ. ಗೆದ್ದರೆ 'ಬಿ' ಅಥವಾ 'ಬಿ ಹೈ' ದರ್ಜೆ ಸಿಗುತ್ತದೆ. ಅದರ ಮೇಲಿನವು 'ಎ' ಮತ್ತು 'ಟಾಪ್'. ಗೆಲ್ಲದಿದ್ದರೆ ಮತ್ತೆ ಅರ್ಜಿ ಹಾಕುವ ಅವಕಾಶ ಇದ್ದೇ ಇದೆ. ಯುವಜನರಿಗೆ ಯುವವಾಣಿ ಕಾರ್ಯಕ್ರಮವೂ, 16ರಿಂದ 24 ವರ್ಷದವರಿಗೆ ಆಕಾಶವಾಣಿ ಸಂಗೀತ ಸ್ಪರ್ಧೆಯೂ ಇವೆ.

ದರ್ಜೆ ಬಂದ ಮೇಲೆ

ಇದು ಸಂಬಳದ ಕೆಲಸವಲ್ಲ. ವರ್ಷದಲ್ಲಿ ಕೆಲವು ಸಲ ಕರೆ ಬರಬಹುದು. ಕರಾರು ಪತ್ರ ಬಂದ ಕೂಡಲೇ ದಿನಾಂಕ ನೋಡಿ ಸಹಿ ಮಾಡಿ ಕಳಿಸಿ, ಬ್ಯಾಂಕ್ ಖಾತೆಯ ವಿವರ ಸರಿಯಾಗಿ ಕೊಡಿ. ಸ್ವಂತ ಹಾಡು ಬರೆದು ರಾಗ ಹಾಕುವವರು ಇನ್ನೊಂದು ಕೆಲಸ ಮಾಡಬೇಕು. 2012ರ ಹಕ್ಕುಸ್ವಾಮ್ಯ ತಿದ್ದುಪಡಿಯ ನಂತರ ಸಾಹಿತಿ ಮತ್ತು ಸಂಯೋಜಕರ ರಾಯಧನದ ಹಕ್ಕು ಗಟ್ಟಿಯಾಗಿದೆ. ಈ ರಾಯಧನವನ್ನು ವಸೂಲಿ ಮಾಡಿ ಹಂಚುವ ಐಪಿಆರ್‌ಎಸ್ ಸಂಸ್ಥೆಯಲ್ಲಿ ಸದಸ್ಯರಾಗುವ ಬಗ್ಗೆ ವಿಚಾರಿಸಿ. ಯಾರಾದರೂ 'ಎಲ್ಲ ಹಕ್ಕು ನಮಗೆ' ಎಂಬ ಕಾಗದ ಮುಂದಿಟ್ಟರೆ ಓದದೆ ಸಹಿ ಹಾಕಬೇಡಿ.

ಪ್ರಸಾರದ ದಿನ, ಹೊತ್ತು ಮೊದಲೇ ಕೇಳಿ ಬರೆದುಕೊಳ್ಳಿ. ಬೆಂಗಳೂರು ನಿಲಯದ 612 ಕಿಲೋಹರ್ಟ್ಸ್ ಮಧ್ಯಮ ತರಂಗ ಮೊಬೈಲ್‌ನ ಎಫ್‌ಎಂನಲ್ಲಿ ಸಿಗುವುದಿಲ್ಲ. ಮನೆಯಲ್ಲಿ ಹಳೆಯ ಸೆಟ್ ಇಲ್ಲದಿದ್ದರೆ ಪ್ರಸಾರ ಭಾರತಿಯ ನ್ಯೂಸ್ ಆನ್ ಏರ್ ಆ್ಯಪ್ ಹಾಕಿಕೊಂಡು, ಪದ ಕಲಿಸಿದ ಅಜ್ಜಿಯ ಪಕ್ಕ ಫೋನಿಟ್ಟು ಕೂತುಕೊಳ್ಳಿ.